ಮೂರು ಗೇಣು

ಗಂಡನ ಕುಪ್ಯವನ್ನು ಮಗನ ಅಳತೆಗೆ ಇಳಿಸಿಕೊಟ್ಟ ಕೂಲಿಯಲ್ಲಿ
ಎಂಬತ್ತು ರೂಪಾಯಿ ಬಾಕಿ ಉಳಿಸಿ ಹೋದ
ಬೇಟೋಳಿಯ ಮುದ್ದವ್ವ
ಎರಡು ತಿಂಗಳ ಮೇಲೆ ಬಂದು
ಮೇಜಿನ ಮೇಲಿಟ್ಟದ್ದು ದುಡ್ಡಲ್ಲ,
ಹಳೇ ಕ್ಯಾಲೆಂಡರ್ ಹಾಳೆಯ ಪೊಟ್ಟಣ.
"ಗಿಡ್ಡ ಟೊಮೆಟೊ. ಬೆರಕೆ ಬೀಜ, ಎಲ್ಲ ಗಿಡ್ಡ ಆಗೋದಿಲ್ಲ,
ನಾಲ್ಕರಲ್ಲಿ ಒಂದು.
ನಿನಗೆ ಗೊತ್ತಾಗ್ತದೆ ಬಿಡು, ನೀನು ಅಳತೆಯವಳು."

ಎಂಬತ್ತು ರೂಪಾಯಿಗೆ ನಲವತ್ತೊಂದು ಬೀಜ.
ಎಣಿಸಿದೆ. ಗುಂಡಿ ಎಣಿಸಿ ಎಣಿಸಿ ಬಂದ ಅಭ್ಯಾಸ.

ವಿರಾಜಪೇಟೆಯಲ್ಲಿ, ಅಂಗಡಿಯೂ ಮನೆಯೂ ಒಂದೇ ಆದ ಈ ಕೋಣೆಯ ಹಿಂದೆ
ನನಗಿರುವ ಭೂಮಿ ಇಷ್ಟು:
ಗೋಡೆಗೂ ಚರಂಡಿಗೂ ನಡುವೆ ಒಂದು ಸಿಮೆಂಟು ಕಟ್ಟೆ,
ಟೇಪು ಹಿಡಿದರೆ ಎಂಟಡಿ ಉದ್ದ, ಅಗಲ ಅಡಿಯ ಮೇಲೆ ನಾಲ್ಕಿಂಚು.
ಹೋದ ವರ್ಷ ಸಂತೆಯ ಹಣ್ಣು ಕೊಳೆತಲ್ಲಿ ಎದ್ದ ಸಸಿ
ನನ್ನ ತಲೆ ಮೀರಿ, ಕೋಲಿನ ಮೇಲೆ ಕೋಲು ಕಟ್ಟಿಸಿಕೊಂಡು,
ಬಟ್ಟೆ ಒಣಗಿಸುವ ಹಗ್ಗ ಹಿಡಿದು
ಒಂದೇ ಗಾಳಿಗೆ, ಪಕ್ಕದ ಮನೆಯ ಟವೆಲ್ ಸಮೇತ,
ಚರಂಡಿಗೆ ಬಿತ್ತು.

ಮಳೆ ಬಿಟ್ಟ ಮೇಲೆ, ಹುತ್ತರಿಗೆ ತಿಂಗಳಿರುವಾಗ
ಕೊಯ್ದ ನೀರಿನ ಬಾಟಲಿಗಳಲ್ಲಿ ಬಿತ್ತಿದೆ.
ಮೂವತ್ತಾರು ಎದ್ದವು.
ಮೊದಮೊದಲು ಎಲ್ಲ ಒಂದೇ ಥಾನಿನ ಬಟ್ಟೆ.
ಮೂರನೆಯ ಎಲೆಯ ಹೊತ್ತಿಗೆ
ಕೆಲವು ತೆಳ್ಳಗೆ, ತಿಳಿಹಸಿರಾಗಿ
ಕಿಟಕಿಯ ಕಡೆ ಕುತ್ತಿಗೆ ಚಾಚಿದವು.
ಕೆಲವು ಇದ್ದಲ್ಲೇ ಕೂತವು,
ದಂಟು ದಪ್ಪ, ಎಲೆ ಕಡುಹಸಿರು, ಸುಕ್ಕುಸುಕ್ಕು,
ಹಿಂಡಿ, ಇಸ್ತ್ರಿ ಮಾಡದೆ ಬಿಟ್ಟ ಹತ್ತಿಬಟ್ಟೆಯ ಹಾಗೆ.
ಬೆರಳಿಟ್ಟು ಎಣಿಸಿದೆ: ಎಂಟು.
ಒಂಬತ್ತು ಬರಬೇಕಿತ್ತು ಮುದ್ದವ್ವನ ಲೆಕ್ಕಕ್ಕೆ.
ಒಂದು ಬಾಕಿ. ಅವಳ ಸ್ವಭಾವವೇ ಹಾಗೆ.

ಉದ್ದದವನ್ನು ಕಿತ್ತೆಸೆ ಅಂದಿದ್ದಳು.
ಕಾಜಾ ಹಾಕಲು ಬರುವ ಸಫೂರಾ ಬಿಡಲಿಲ್ಲ.
"ಅವೇನು ತಪ್ಪು ಮಾಡಿದವಕ್ಕಾ?"
ಇಪ್ಪತ್ತೆಂಟನ್ನೂ ಹಾಲಿನ ಪ್ಯಾಕೆಟುಗಳಲ್ಲಿ ಕಟ್ಟಿ
ಗೋಣಿಕೊಪ್ಪದ ಬಸ್ಸಿನಲ್ಲಿ
ತೊಡೆಯ ಮೇಲೆ ಕೂರಿಸಿಕೊಂಡು ಹೋದಳು.

ಗಿಡ್ಡವಕ್ಕೆ ಪೇಂಟಿನ ಡಬ್ಬಿ. ತಳಕ್ಕೆ ಮೊಳೆಯಲ್ಲಿ ತೂತು,
ಕೆಂಪು ಮಣ್ಣು, ಕೊಳೆತ ಕಾಫಿ ಸಿಪ್ಪೆ.

ಇಪ್ಪತ್ತೆರಡು ವರ್ಷ ಈ ಮಷೀನಿನ ಮುಂದೆ ನಾನು ಮಾಡಿದ್ದು
ಉದ್ದದ್ದನ್ನು ಗಿಡ್ಡ ಮಾಡುವುದು:
ಪ್ಯಾಂಟು, ಲಂಗ, ಶಾಲೆಯ ಪರದೆ, ಒಮ್ಮೆ ಒಂದು ಶಾಮಿಯಾನ.
ಕತ್ತರಿಸಿದ್ದೆಲ್ಲ ಮೂಲೆಯಲ್ಲಿ ಗುಡ್ಡೆ.
ಈಗ ಮೊದಲ ಸಲ ಒಂದು ಜೀವ
ತನ್ನ ಅಂಚು ತಾನೇ ಮಡಚಿಕೊಂಡು ಬಂದಿದೆ,
ನೂಲು ಕಾಣದ ಹಾಗೆ.

ವಾರಕ್ಕೊಮ್ಮೆ ಟೇಪು ಹಿಡಿದೆ.
ಊರವರ ಎದೆ, ಸೊಂಟ, ತೋಳುಗಳ ನಡುವೆ ಬರೆದುಕೊಂಡೆ:
ಮೂರನೇ ಡಬ್ಬಿ, ಹನ್ನೊಂದಿಂಚು. ಮೂರನೇ ಡಬ್ಬಿ, ಹದಿನೇಳು.
ಜನವರಿಯ ಮಂಜು ಹತ್ತು ಗಂಟೆಗೂ ಏಳದೆ ಕೂತ ವಾರ
ಐದನೆಯದಕ್ಕೆ ಅಂಗಮಾರಿ.
ಎಲೆಗೆ ಕಪ್ಪು ಚುಕ್ಕೆ, ಆಮೇಲೆ ದಂಟಿಗೆ, ಆಮೇಲೆ ಇಲ್ಲ.
ಉಳಿದ ಏಳಕ್ಕೆ ರಾತ್ರಿ ಲೈನಿಂಗ್ ಬಟ್ಟೆ ಹೊದಿಸಿದೆ.
ಮದುವೆಯ ಬ್ಲೌಸಿನವರು ಬಂದು ಕೇಳಿದರು,
"ನಮ್ಮ ಲೈನಿಂಗ್ ಯಾಕೆ ಒದ್ದೆ?"

ಮೂರು ಗೇಣಿಗೆ ನಿಂತವು.
ಗಿಡ ಗಿಡ್ಡ ಎಂಬ ಸುದ್ದಿಯನ್ನು
ಹಣ್ಣಿಗೆ ಯಾರೂ ಮುಟ್ಟಿಸಿರಲಿಲ್ಲ:
ಒಂದೊಂದೂ ನನ್ನ ಮುಷ್ಟಿ,
ಮದುವೆಯ ಚೇಲೆಯ ಕೆಂಪು, ಹೆಗಲ ಬಳಿ ಸ್ವಲ್ಪ ಕಪ್ಪು.
ಕೋಲು ಕೇಳಲಿಲ್ಲ. ಹಗ್ಗ ಕೇಳಲಿಲ್ಲ.
ಕೊಯ್ಯಲು ನಾನೇ ಬಗ್ಗಬೇಕಾಯಿತು.

ಸಫೂರಾಳ ಉದ್ದದವು ಬಾವಿಯ ರಾಟೆ ಹತ್ತಿವೆಯಂತೆ,
ಅವಳ ಉಮ್ಮ ಕೊಡಪಾನ ಇಳಿಸುವ ಮೊದಲು
ಬಳ್ಳಿಯನ್ನು ಪಕ್ಕಕ್ಕೆ ಸರಿಸಿ ಮಾತಾಡಿಸುತ್ತಾಳಂತೆ.

ಮುದ್ದವ್ವ ಬಂದಳು. ಕೂರಲಿಲ್ಲ.
ಉಪ್ಪಿಲ್ಲದೆ ಒಂದು ಹಣ್ಣು ತಿಂದು,
ಗಲ್ಲಕ್ಕಂಟಿದ ಬೀಜವನ್ನು ಬೆರಳಲ್ಲಿ ತೆಗೆದು
ನನ್ನ ಟೇಪಿನ ಮೇಲೆ ಒರೆಸಿದಳು.
"ಬಾಕಿ ತೀರಿತಾ?"
"ಒಂದು ಗಿಡ ಕಡಿಮೆ ಬಂತು."
ನಕ್ಕು ಚೀಲದಿಂದ ಬ್ಲೌಸ್ ಪೀಸ್ ತೆಗೆದಳು.
"ಇದನ್ನೂ ಹೊಲಿ ಹಾಗಾದರೆ. ತೋಳು ಗಿಡ್ಡ ಇರಲಿ."